ಫಾರಿನ್‌ನಲ್ಲಿ ಮೀಡಿಯಾ ಓದಿಸುವ ಕನ್ಸಲ್ಟೆನ್ಸಿ: 5ಕ್ಕೆ 3 ಸ್ಟಾರ್, ಅದೂ ವೀಸಾ ನೋಡುವ ಹುಡುಗಿಯಿಂದಾಗಿ

ಅಕ್ಕನ ಮಗಳು ಈಗ ಇಂಗ್ಲೆಂಡಿನಲ್ಲಿ ಮೀಡಿಯಾ ಎಂ.ಎ. ಓದುತ್ತಿದ್ದಾಳೆ. 2025ರ ಸೆಪ್ಟೆಂಬರ್‌ನಲ್ಲಿ ಹೋದಳು. ಕಳಿಸಿದ್ದು ಮಂಗಳೂರಿನ ಒಂದು ಕನ್ಸಲ್ಟೆನ್ಸಿ ಮೂಲಕ. ಹೆಸರು ಹಾಕುವುದಿಲ್ಲ. ಇದು ಒಂದೇ ಅಂಗಡಿಯ ಕತೆ ಅಲ್ಲ, ಇಂಥ ಮೂರು ನಾಲ್ಕು ಕಡೆ ನಾವು ಮೆಟ್ಟಿಲು ಹತ್ತಿ ಇಳಿದಿದ್ದೇವೆ, ಬೋರ್ಡು ಬೇರೆ ಬೇರೆ, ಒಳಗಿನ ಮಾತು ಒಂದೇ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಸ್ವಲ್ಪ ಅಡಿಕೆ ತೋಟ, ಜೊತೆಗೊಂದು ಜೆರಾಕ್ಸ್ ಅಂಗಡಿ. ಭಾವನಿಗೆ ಅರ್ಜಿ, ಬ್ಯಾಂಕು ಅಂದರೆ ತಲೆನೋವು. ಹಾಗಾಗಿ ಏಳು ತಿಂಗಳು ಬಸ್ಸಿನಲ್ಲಿ ತಲಪಾಡಿ ಗಡಿ ದಾಟಿ ಹೋಗಿ ಬಂದವನು ನಾನು. ರಿವ್ಯೂ ಬರೆಯುವ ಹಕ್ಕೂ ನನ್ನದೇ.

ಆಫೀಸು ಚೆನ್ನಾಗಿದೆ. ಎಸಿ ಉಂಟು, ಗೋಡೆ ತುಂಬ ದೇಶಗಳ ಬಾವುಟ, ಹೋದ ಕೂಡಲೇ ಚಹಾ. ಚಹಾ ನಿಜಕ್ಕೂ ಒಳ್ಳೆಯದಿತ್ತು. ಎದುರು ಕೂತ ಕೌನ್ಸೆಲರ್ ಹುಡುಗ ಕೇಳಿದ ಮೊದಲ ಪ್ರಶ್ನೆ, "ಬಜೆಟ್ ಎಷ್ಟು ಸರ್?" ಇವಳಿಗೆ ಎಂತ ಓದಬೇಕು ಅಂತ ಕೇಳಿದ್ದು ಆಮೇಲೆ. ಹದಿನೈದು ನಿಮಿಷದಲ್ಲಿ ಐದು ವಿಶ್ವವಿದ್ಯಾಲಯಗಳ ಪಟ್ಟಿ ಪ್ರಿಂಟ್ ಆಗಿ ಬಂತು. ಐದೂ ಇಂಗ್ಲೆಂಡಿನವು. "ನಮ್ಮ ಸರ್ವಿಸ್ ಪೂರ್ತಿ ಫ್ರೀ" ಅಂದ.

ಫ್ರೀ ಹೇಗೆ ಅಂತ ನಾನು ಅಲ್ಲೇ ಕೇಳಿದೆ. ನಕ್ಕ. ಗುಟ್ಟು ಏನೂ ಇಲ್ಲ. ಇವರು ಕಳಿಸಿದ ಮಕ್ಕಳ ಫೀಸಿನಲ್ಲಿ ಒಂದು ಪಾಲು ಆ ವಿಶ್ವವಿದ್ಯಾಲಯಗಳೇ ಇವರಿಗೆ ಕೊಡುತ್ತವೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಅಂಗಡಿಯಲ್ಲೂ ಜಾಸ್ತಿ ಮಾರ್ಜಿನ್ ಕೊಡುವ ಕಂಪನಿಯ ಪೆನ್ನೇ ಮುಂದಿನ ಸಾಲಿನಲ್ಲಿ ಇರುತ್ತದೆ. ಆದರೆ ಗಿರಾಕಿ "ಒಳ್ಳೆ ಪೆನ್ನು ಯಾವುದು" ಅಂತ ಕೇಳಿದರೆ ಹಿಂದಿನ ಸಾಲಿನದ್ದನ್ನೂ ತೆಗೆದು ತೋರಿಸುತ್ತೇನೆ. ಇವರು ತೋರಿಸಲಿಲ್ಲ. ನನ್ನ ಸಿಟ್ಟು ಇಷ್ಟೇ.

ಮೊದಲ ಎಡವಟ್ಟು ಕೋರ್ಸಿನದ್ದು. ಇವಳಿಗೆ ಡಾಕ್ಯುಮೆಂಟರಿ ಮಾಡುವ ಆಸೆ. ಮಂಗಳೂರಿನಲ್ಲಿ ಪತ್ರಿಕೋದ್ಯಮ ಬಿ.ಎ. ಮಾಡಿದ್ದಾಳೆ. ಆ ಹುಡುಗನ ಲೆಕ್ಕದಲ್ಲಿ ಮೀಡಿಯಾ, ಕಮ್ಯುನಿಕೇಶನ್, ಜರ್ನಲಿಸಂ ಎಲ್ಲ ಒಂದೇ ಡಬ್ಬಿ. ಇವಳು ರಾತ್ರಿ ಕೂತು ಒಂದೊಂದು ಕೋರ್ಸಿನ ಪಾಠಗಳ ಪಟ್ಟಿ ತೆಗೆದು ಓದಿದಳು. "ಮಾವ, ಇದರಲ್ಲಿ ಕ್ಯಾಮೆರಾವೇ ಇಲ್ಲ" ಅಂದಳು. ನೋಡಿದರೆ ಹೌದು. ಅಲ್ಲಿ ಎಂ.ಎ. ಅಂದರೆ 180 ಕ್ರೆಡಿಟ್, ಅದರಲ್ಲಿ ಸಾಮಾನ್ಯವಾಗಿ 60 ಕೊನೆಯ ಪ್ರಬಂಧಕ್ಕೇ ಹೋಗುತ್ತದೆ. ಉಳಿದ 120ರಲ್ಲಿ ಸಿದ್ಧಾಂತ, ಸಂಶೋಧನಾ ವಿಧಾನ, ಮಾಧ್ಯಮದ ರಾಜಕೀಯ. "ಮೀಡಿಯಾ ಅಂಡ್ ಕಮ್ಯುನಿಕೇಶನ್" ಅಂತ ಬೋರ್ಡು ಇದ್ದರೆ ಬಹಳಷ್ಟು ಕಡೆ ಹೀಗೇ, ಮಾಧ್ಯಮದ ಬಗ್ಗೆ ಓದುವುದು, ಮಾಧ್ಯಮ ಮಾಡುವುದಲ್ಲ. ಮಾಡುವುದಕ್ಕೆ ಜರ್ನಲಿಸಂ ಅಥವಾ ಪ್ರೊಡಕ್ಷನ್ ಅಂತ ಇರುವ ಕೋರ್ಸು ಹುಡುಕಬೇಕು. ಕೆಲವು ಕಡೆ ಕೊನೆಯ ಪ್ರಬಂಧದ ಬದಲು ಒಂದು ಚಿತ್ರ ಮಾಡಿ ಕೊಡಲು ಬಿಡುತ್ತಾರೆ. ಇವಳು ಅಂಥದ್ದೇ ಒಂದನ್ನು ತಾನೇ ಹುಡುಕಿಕೊಂಡಳು. ಅದು ಆ ಐದರ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಪುಣ್ಯಕ್ಕೆ ಆ ವಿಶ್ವವಿದ್ಯಾಲಯದ ಜೊತೆ ಇವರಿಗೆ ಒಪ್ಪಂದ ಇತ್ತು. ಇಲ್ಲದಿದ್ದರೆ "ಅದು ಬೇಡ ಮೇಡಂ, ರ‍್ಯಾಂಕಿಂಗ್ ಕಡಿಮೆ" ಅನ್ನುತ್ತಿದ್ದರೋ ಏನೋ.

ಈಗ ಹಿಂದಿನ ಸಾಲಿನ ಪೆನ್ನುಗಳು. ಇವೆಲ್ಲ ನಮಗೆ ಗೊತ್ತಾಗುವಾಗ ಮಾರ್ಚ್ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎರಾಸ್ಮಸ್ ಮುಂಡುಸ್ ಅಂತ ಯುರೋಪಿನ ಒಂದು ಯೋಜನೆ ಉಂಟು. ಅದರಲ್ಲಿ ಪತ್ರಿಕೋದ್ಯಮಕ್ಕೇ ಎರಡು ವರ್ಷದ ಎಂ.ಎ. ಇದೆ. ಮೊದಲ ವರ್ಷ ಡೆನ್ಮಾರ್ಕಿನ ಆರ್ಹಸ್‌ನಲ್ಲಿ, ಎರಡನೇ ವರ್ಷ ಬೇರೆ ದೇಶದಲ್ಲಿ. ಸ್ಕಾಲರ್‌ಶಿಪ್ ಸಿಕ್ಕಿದವರಿಗೆ ತಿಂಗಳಿಗೆ 1,400 ಯೂರೋ. ಸಿಗುವುದು ಕಷ್ಟ, ಪ್ರಪಂಚದ ಎಲ್ಲ ಕಡೆಯಿಂದ ಅರ್ಜಿ ಬರುತ್ತದೆ. ಆದರೆ ಅರ್ಜಿ ಹಾಕದವರಿಗೆ ಸಿಗುವುದೇ ಇಲ್ಲ ಅಲ್ವಾ? ಜನವರಿಯಲ್ಲೇ ಬಾಗಿಲು ಮುಚ್ಚಿತ್ತು. ನಾವು ಕನ್ಸಲ್ಟೆನ್ಸಿಗೆ ಹೋದದ್ದು ನವೆಂಬರ್‌ನಲ್ಲಿ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತಾರೆ. ಆದರೆ ಖರ್ಚಿಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ವರ್ಷಕ್ಕೆ 11,904 ಯೂರೋ ಇಟ್ಟು ತೋರಿಸಬೇಕು, ನಮ್ಮ ಓದಿನ ಕಾಗದ ಅಸಲಿ ಅನ್ನುವ ಎಪಿಎಸ್ ಸರ್ಟಿಫಿಕೇಟ್ ಅಂತ ಒಂದು ಮಾಡಿಸಬೇಕು. ಮೀಡಿಯಾ ಕೋರ್ಸುಗಳು ಬಹಳಷ್ಟು ಜರ್ಮನ್ ಭಾಷೆಯಲ್ಲೇ ಇರುತ್ತವೆ, ಇಲ್ಮೆನಾವ್‌ನಂಥ ಕೆಲವು ಕಡೆ ಇಂಗ್ಲಿಷಿನಲ್ಲಿ ಉಂಟು. ಫೀಸೇ ಇಲ್ಲದ ಕಡೆ ಯಾರಿಗೆ ಎಂಥ ಕಮಿಷನ್? ಆ ಗೋಡೆಯಲ್ಲಿ ಜರ್ಮನಿಯ ಬಾವುಟ ಮಾತ್ರ ದೊಡ್ಡದಾಗಿಯೇ ಇತ್ತು.

ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯ ಕಮ್ಯುನಿಕೇಶನ್ ವಿಷಯದ ಕ್ಯೂಎಸ್ ಎಂಬ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹಲವು ವರ್ಷ ಮೊದಲನೆಯದು. ಅಲ್ಲಿ ಅಂಕಿಸಂಖ್ಯೆ ಜಾಸ್ತಿ, ಇವಳಿಗೆ ಲೆಕ್ಕ ಅಂದರೆ ಆಗುವುದಿಲ್ಲ, ಹಾಗಾಗಿ ಬೇಡವೇ ಆಗಿತ್ತು ಅನ್ನಿ. ಬ್ರಿಟನ್ ಸರಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷ ಕೆಲಸ ಮಾಡಿರಬೇಕು, ಅದೂ ಇವಳಿಗೆ ಇಲ್ಲ. ಅಮೆರಿಕಾದ ಬಗ್ಗೆ ಕೇಳಿದ್ದಕ್ಕೆ "ಓದು ಮುಗಿದ ಮೇಲೆ ಮೂರು ವರ್ಷ ಕೆಲಸ ಮಾಡಬಹುದು ಸರ್" ಅಂದುಬಿಟ್ಟ. ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಕೋರ್ಸಿಗೆ, 12 ತಿಂಗಳ ಮೇಲೆ ಇನ್ನು 24. ಬರೀ ಜರ್ನಲಿಸಂ ಆ ಪಟ್ಟಿಯಲ್ಲಿಲ್ಲ. ಡಿಜಿಟಲ್ ಕಮ್ಯುನಿಕೇಶನ್ ಅಂಡ್ ಮೀಡಿಯಾ ಅಂತ 09.0702 ಕೋಡಿನ (ಅಲ್ಲಿ ಕೋರ್ಸುಗಳಿಗೆ ಸರಕಾರ ಕೊಡುವ ನಂಬರು) ಕೋರ್ಸಾದರೆ ಉಂಟು. ಕೋರ್ಸಿನ ಹೆಸರು ನೋಡಿ ಸಾಲ ಮಾಡಬೇಡಿ, ಕೋಡು ಕೇಳಿ. ಒಂದು ಕೋಡಿನಲ್ಲಿ ಎರಡು ವರ್ಷದ ದುಡಿಮೆ ಕೂತಿದೆ.

ಇನ್ನು ಎಸ್‌ಒಪಿ. ನೀವು ಯಾಕೆ ಓದಬೇಕು ಅಂತ ಬರೆದು ಕೊಡುವ ಪತ್ರ. ಅದನ್ನೂ ಇವರೇ ಬರೆದುಕೊಟ್ಟರು, ಫ್ರೀಯಾಗಿ. "ಚಿಕ್ಕಂದಿನಿಂದಲೂ ನನಗೆ ಮಾಧ್ಯಮದಲ್ಲಿ ಅಪಾರ ಆಸಕ್ತಿ" ಅಂತ ಶುರು. ನನ್ನ ಅಂಗಡಿಗೆ ಪ್ರಿಂಟ್ ತೆಗೆಸಲು ಬಂದ ಮುಳ್ಳೇರಿಯದ ಇನ್ನೊಬ್ಬ ಹುಡುಗನ ಪತ್ರವೂ ಹಾಗೇ ಶುರುವಾಗಿತ್ತು, ಅವನು ಹೋಗುವುದು ಹೋಟೆಲ್ ಮ್ಯಾನೇಜ್‌ಮೆಂಟಿಗೆ! ಮಾಧ್ಯಮದ ಜಾಗದಲ್ಲಿ ಆತಿಥ್ಯ ಅಂತ ಇತ್ತು, ಅಷ್ಟೇ ವ್ಯತ್ಯಾಸ.

ಇವಳು ಅದನ್ನು ಹರಿದು ಹಾಕಿ ತಾನೇ ಬರೆದಳು. 2020ರ ಮಾರ್ಚ್ ನೆನಪಿದೆಯಲ್ಲ, ಕೊರೊನಾ ಅಂತ ಕರ್ನಾಟಕದವರು ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ನಮ್ಮ ಕಡೆಯ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗೆ ಹೋಗಲು ಆಗದೆ ಒದ್ದಾಡಿದ್ದು. ಆಗ ಇವಳು ಹೈಸ್ಕೂಲು. ನಮ್ಮ ಮನೆಗೆ ಎರಡು ಪೇಪರ್ ಬರುತ್ತದೆ, ಮಂಗಳೂರಿನಿಂದ ಕನ್ನಡದ್ದೊಂದು, ಮಲಯಾಳದ್ದೊಂದು. ಒಂದೇ ಮಣ್ಣಿನ ರಾಶಿ, ಆದರೆ ಒಂದರಲ್ಲಿ ಅದು ಕಾವಲು, ಇನ್ನೊಂದರಲ್ಲಿ ಅದು ಕ್ರೌರ್ಯ. ನಾವು ಕನ್ನಡದವರು, ಇರುವುದು ಕೇರಳದಲ್ಲಿ, ಆಸ್ಪತ್ರೆ ಬೇಕಾದದ್ದು ಮಂಗಳೂರಿನದ್ದು. ಯಾವ ಪೇಪರಿನ "ನಾವು" ನಾವು? ಇದನ್ನೇ ಬರೆದಳು. ಕೌನ್ಸೆಲರ್ ಓದಿ, "ಇದು ಸ್ವಲ್ಪ ಪರ್ಸನಲ್ ಆಯ್ತು, ಹಳೇದೇ ಹಾಕೋಣ" ಅಂದ. ನಾನು ಆಗುವುದಿಲ್ಲ ಅಂದೆ. ಸೀಟು ಅದರಲ್ಲೇ ಸಿಕ್ಕಿತು, ಫೀಸಿನಲ್ಲಿ 3,000 ಪೌಂಡ್ ಕಡಿತವೂ ಸಿಕ್ಕಿತು.

ಕಾಸರಗೋಡಿನವರಿಗೆ ಮಂಗಳೂರಿನ ಕನ್ಸಲ್ಟೆನ್ಸಿಯ ಇನ್ನೊಂದು ಕಿರಿಕಿರಿ. ಕನ್ನಡ ಮಾತಾಡಿದ ಕೂಡಲೇ ನಮ್ಮನ್ನು ಕರ್ನಾಟಕದವರು ಅಂತ ಬರೆದುಕೊಳ್ಳುತ್ತಾರೆ. ಕರ್ನಾಟಕ ಸರಕಾರದ ಸಾಲದ ಸ್ಕೀಮು ಉಂಟು ಅಂತ ಒಂದು ವಾರ ಓಡಾಡಿಸಿದರು, ಕೊನೆಗೆ ರೇಷನ್ ಕಾರ್ಡು ನೋಡಿ "ಓ, ನೀವು ಕೇರಳವಾ?" ಅವರಿಗೆ ಪರಿಚಯದ ಬ್ಯಾಂಕಿನ ಶಾಖೆಯವರು ನಿಮ್ಮ ಊರಿನ ಶಾಖೆಯಲ್ಲೇ ಸಾಲ ಕೇಳಿ ಅಂತ ವಾಪಸ್ ಕಳಿಸಿದರು. ತೋಟದ ಕಾಗದ ಎಲ್ಲ ಮಲಯಾಳದಲ್ಲಿ. ಅವರಿಗೆ ಓದಲು ಬರುವುದಿಲ್ಲ, ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಬರುವುದಿಲ್ಲ, ಇವಳೇ ಓದಿ ಹೇಳಬೇಕು.

ಈಗ ಹೊಗಳುವ ಭಾಗ. ವೀಸಾ ನೋಡುವ ಹುಡುಗಿ ಬೇರೆ. ಮೂಲೆಯಲ್ಲಿ ಕೂರುತ್ತಾಳೆ, ಎದುರು ಬಾವುಟ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ನಾನು ಕಂಡದ್ದು ಕಡಿಮೆ. ಅಡಿಕೆ ಮಾರಿದ ದುಡ್ಡು ನನ್ನ ಖಾತೆಯಲ್ಲಿತ್ತು, ಅದನ್ನೇ ತೋರಿಸೋಣ ಅಂತಿದ್ದೆ. "ಸರ್, ಮಾವನ ಖಾತೆ ನಡೆಯುವುದಿಲ್ಲ. ಅವಳದ್ದು, ಇಲ್ಲ ಅಪ್ಪ ಅಮ್ಮನದ್ದು" ಅಂದಳು. ಲಂಡನ್‌ನಿಂದ ಹೊರಗೆ ಓದುವವರು ಆಗ ತಿಂಗಳಿಗೆ 1,136 ಪೌಂಡಿನಂತೆ 9 ತಿಂಗಳ ಖರ್ಚು, ಅಂದರೆ 10,224 ಪೌಂಡ್ ತೋರಿಸಬೇಕಿತ್ತು, ಕಟ್ಟಲು ಬಾಕಿ ಇರುವ ಫೀಸು ಬೇರೆ. ದುಡ್ಡು 28 ದಿನ ಖಾತೆಯಲ್ಲಿ ಅಲ್ಲಾಡದೆ ಕೂರಬೇಕು. ಒಂದು ದಿನ ಕಡಿಮೆಯಾದರೂ ವೀಸಾ ಇಲ್ಲ. (2025ರ ನವೆಂಬರ್‌ನಿಂದ ತಿಂಗಳಿನ ಲೆಕ್ಕ 1,171 ಆಗಿದೆ.) ಭಾವನ ಹೆಸರು ಜನನ ಪ್ರಮಾಣಪತ್ರದಲ್ಲಿ ಇನಿಶಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಮನೆತನದ ಹೆಸರು. ಮೂರೂ ಒಬ್ಬನೇ ಮನುಷ್ಯ ಅಂತ ಅಫಿಡವಿಟ್ ಮಾಡಿಸಿದ್ದು ಅವಳೇ ಹೇಳಿ. ನಮಗೆ ಹೊಳೆದೇ ಇರಲಿಲ್ಲ.

ಆರೋಗ್ಯದ ಸರ್‌ಚಾರ್ಜ್ ಅಂತ ಒಂದು ಉಂಟು, ಅಲ್ಲಿನ ಸರಕಾರಿ ಆಸ್ಪತ್ರೆ ಸೇವೆಗೆ ವೀಸಾದ ಜೊತೆಯೇ ಕಟ್ಟುವುದು, ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಕೌನ್ಸೆಲರ್ ಬಾಯಲ್ಲಿ ಒಟ್ಟೂ ಅದೇ 776. ಈ ಹುಡುಗಿ ಸರಿ ಮಾಡಿದಳು. ಕೋರ್ಸು ಒಂದು ವರ್ಷ ಆದರೂ ವೀಸಾ ಅದಕ್ಕಿಂತ ನಾಲ್ಕು ತಿಂಗಳಾದರೂ ಜಾಸ್ತಿ ಕೊಡುತ್ತಾರೆ, ಆ ಉಳಿದ ತಿಂಗಳಿಗೆ ಅರ್ಧ ವರ್ಷದ್ದು ಹಿಡಿಯುತ್ತಾರೆ, ಒಟ್ಟು 1,164. ವೀಸಾ ಫೀಸು ಆಗ, 2025ರಲ್ಲಿ, 524 ಬೇರೆ. ಕ್ಷಯದ ಪರೀಕ್ಷೆ, ಬೆರಳಚ್ಚು ಅಂತ ಎರಡು ಸಲ ಕೊಚ್ಚಿಗೆ ಹೋದೆವು. ಎರಡು ಸಲವೂ ಕಾಗದ ಒಂದೂ ಕಡಿಮೆ ಬೀಳಲಿಲ್ಲ.

ಓದು ಮುಗಿದ ಮೇಲೆ ಅಲ್ಲಿ ಎರಡು ವರ್ಷ ಇದ್ದು ಕೆಲಸ ಹುಡುಕಬಹುದು ಅಂತ ಇವರ ಬ್ಯಾನರಿನಲ್ಲಿ ಈಗಲೂ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಇವಳು 2026ರಲ್ಲೇ ಮುಗಿಸುತ್ತಾಳೆ, ಬಚಾವ್. ಇನ್ನು ಹೊರಡುವವರು 18ರ ಲೆಕ್ಕದಲ್ಲೇ ಸಾಲ ಮಾಡಿ.

ಪಾಠ ಹೇಗಿದೆ ಅಂತ ಕೇಳುವವರಿಗೆ: ವಾರಕ್ಕೆ ಕ್ಲಾಸು ಇಷ್ಟೇ ಇಷ್ಟು, ಓದುವುದು ರಾಶಿ. ಮೊದಲ ತಿಂಗಳು ಫೋನಿನಲ್ಲಿ ಅತ್ತಿದ್ದಾಳೆ. ಹತ್ತನೆಯವರೆಗೆ ಕನ್ನಡ ಮೀಡಿಯಂ ಓದಿದವಳು, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 7 ಬಂದರೂ ಆ ಲೇಖನಗಳ ಇಂಗ್ಲಿಷು ಬೇರೆಯೇ. ಆಮೇಲೆ ಒಂದು ದಿನ ಖುಷಿಯಲ್ಲಿ ಫೋನು. ಸ್ಟುವರ್ಟ್ ಹಾಲ್ ಅಂತ ಒಬ್ಬರಂತೆ, ಜಮೈಕಾದಿಂದ ಇಂಗ್ಲೆಂಡಿಗೆ ಹೋದವರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಇದ್ದರು. ಸುದ್ದಿ ಮಾಡುವವನು ಒಂದು ಅರ್ಥ ಇಟ್ಟು ಕಳಿಸುತ್ತಾನೆ, ನೋಡುವವನು ಅದನ್ನು ಹಾಗೇ ಒಪ್ಪಬಹುದು, ಅರ್ಧ ಒಪ್ಪಬಹುದು, ಪೂರ್ತಿ ತಿರುಗಿಸಿಯೂ ಓದಬಹುದು ಅಂತ 1973ರಲ್ಲೇ ಹೇಳಿದ್ದಾರಂತೆ. "ಮಾವ, ನೀವು ಬೆಳಗ್ಗೆ ಪೇಪರ್ ಓದಿ ಬೈಯುತ್ತೀರಲ್ಲ, ಅದು ಮೂರನೆಯದ್ದು" ಅಂದಳು. ಇಪ್ಪತ್ತೊಂದು ಸಾವಿರ ಪೌಂಡ್ ಫೀಸು ಕೊಟ್ಟು ಇದನ್ನಾ ಕಲಿಯುವುದು ಅಂತ ನಾನು ತಮಾಷೆ ಮಾಡಿದೆ. ಆದರೆ ಆ ದಿನ ರಾತ್ರಿ ಎರಡು ಪೇಪರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ಕನ್ಸಲ್ಟೆನ್ಸಿಯಿಂದ ನಿನ್ನೆ ಮೆಸೇಜ್ ಬಂತು. 5 ಸ್ಟಾರ್ ರಿವ್ಯೂ ಹಾಕಿದರೆ, ನಮ್ಮ ಕಡೆಯಿಂದ ಇನ್ನೊಬ್ಬರನ್ನು ಕಳಿಸಿದರೆ, ಟ್ರಾಲಿ ಬ್ಯಾಗ್ ಉಡುಗೊರೆಯಂತೆ. 3 ಕೊಡುತ್ತಿದ್ದೇನೆ. ಎರಡು ವೀಸಾ ಹುಡುಗಿಗೆ, ಒಂದು ಚಹಾಕ್ಕೆ. ಅಲ್ಲಿಗೆ ಹೋಗುವವರು ಕೋರ್ಸನ್ನು ಮನೆಯಲ್ಲೇ ಗೊತ್ತು ಮಾಡಿಕೊಂಡು ಹೋಗಿ, ಸೀದಾ ಮೂಲೆಯ ಟೇಬಲ್ಲಿಗೆ. ಮಧ್ಯಾಹ್ನ 1ರಿಂದ 2 ಅವಳು ಊಟಕ್ಕೆ ಹೋಗಿರುತ್ತಾಳೆ.