ಗಾಡಿ ಹೊಟ್ಟೆಗೆ ಮೇಣದ ಸ್ಪ್ರೇ: ಮೂರು ಮಳೆಗಾಲ ಕಳೆದ ಮೇಲೆ

ಗಾಡಿಯ ತಳಕ್ಕೆ ಜಂಗು, ಅಂದರೆ ತುಕ್ಕು, ಹಿಡಿಯದಂತೆ ಹೊಡೆಯುವ ಮೇಣದ ಸ್ಪ್ರೇ ಇದು. ಡಬ್ಬಿಯ ಮೇಲೆ ಹಿಮ ಬಿದ್ದ ರಸ್ತೆಯ ಚಿತ್ರ, ಚಳಿಗಾಲಕ್ಕೆ ಮೊದಲು ಹಚ್ಚಿ ಅಂತ ಸೂಚನೆ. ಹಿಮ ಬೀಳುವ ದೇಶಗಳಲ್ಲಿ ಅದನ್ನು ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಗಾಡಿಯ ತಳ ತಿನ್ನುತ್ತದೆ. ನಮ್ಮ ಬೆಳಗಾವಿ ಚಳಿ ಒಂದು ಸ್ವೆಟರ್‌ಗೆ ಮುಗಿಯಿತು. ಇಲ್ಲಿ ಜಂಗು ಹಿಡಿಸುವುದು ಜೂನ್‌ನಿಂದ ಬಿಡದೆ ಹೊಡೆಯುವ ಮಳೆ, ಖಾನಾಪುರ ಕಡೆಯ ಕೆಂಪು ರಾಡಿ. ನಾನು ಮೇಲಿಂದ ಮೇಲೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವನು. ಕಡಲ ದಂಡೆಯ ಉಪ್ಪುಗಾಳಿಯೂ ಸೇರಿತು.

ಗಾಡಿ 2014ರದ್ದು. ಮೊದಲು ನಾನೇ ಕಪ್ಪು ಡಾಂಬರಿನಂಥ ಗಟ್ಟಿ ಕೋಟಿಂಗ್ ಬಳಿದಿದ್ದೆ, ಅದೂ ಇದ್ದ ಜಂಗಿನ ಮೇಲೆಯೇ. ನೋಡಲು ಶೋರೂಮಿನಿಂದ ಬಂದ ಹಾಗಿತ್ತು. ಎರಡು ವರ್ಷದ ಮೇಲೆ ಗ್ಯಾರೇಜಿನಲ್ಲಿ ಗಾಡಿ ಎತ್ತಿದಾಗ ಪತ್ರಾ (ತಗಡು) ಕೆಲಸದ ಕಾಕಾ ಒಂದು ಉಬ್ಬಿಗೆ ಸ್ಕ್ರೂಡ್ರೈವರ್ ಒತ್ತಿದರು. ಕೋಟಿಂಗ್ ಹಪ್ಪಳದಂತೆ ಮುರಿದು ಬಿತ್ತು, ಹಿಂದೆ ಕಂದು ಪುಡಿ ಸುರಿಯಿತು, ಇನ್ನೊಂದು ಸಲ ಒತ್ತಿದರೆ ತುದಿ ಒಳಗೇ ಹೋಯಿತು. “ಮ್ಯಾಲ ಕಪ್ಪ ಬಳದ್ರ ಜಂಗ ಸಾಯೂದಿಲ್ರಿ, ಮುಸುಕ ಹಾಕ್ಕೊಂಡ ತಿಂತೈತಿ” ಅಂದರು. ಕಲ್ಲು ಸಿಡಿದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಪತ್ರಾ ಕತ್ತರಿಸಿ ಹೊಸದು ವೆಲ್ಡಿಂಗ್ ಮಾಡಿಸಿದೆ.

ಆಮೇಲೆ ಬಂದದ್ದು ಈ ಮೇಣದ ಸ್ಪ್ರೇ. ಇದು ಪೂರ್ತಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ತಿಳಿ ಕಂದು ಬಣ್ಣ, ಕೆಳಗಿನ ಲೋಹ ಕಣ್ಣಿಗೆ ಕಾಣುತ್ತದೆ. ನನಗೆ ಇದರಲ್ಲಿ ಹಿಡಿಸಿದ್ದೇ ಅದು.

ಹಚ್ಚುವುದು ಅರ್ಧ ಗಂಟೆ, ತಯಾರಿ ಮೂರು ದಿನ. ಮೇ ತಿಂಗಳಲ್ಲೇ ಮಾಡಿ. ಕೆಳಗಿನಿಂದ ಜೋರು ನೀರು ಹೊಡೆಸಿ ಎರಡು ದಿನ ಬಿಸಿಲಿಗೆ ನಿಲ್ಲಿಸುತ್ತೇನೆ. ಜಂಗು ಕಂಡಲ್ಲಿ ತಂತಿ ಬ್ರಶ್, ಉಪ್ಪುಕಾಗದ, ಬರಿ ಲೋಹ ಕಂಡಲ್ಲಿ ರೆಡ್ ಆಕ್ಸೈಡ್ ಪ್ರೈಮರ್ ಬಣ್ಣ. ಅದು ಪೂರ್ತಿ ಒಣಗಬೇಕು. ಬರೀ ಜಾಕ್ ಮೇಲೆ ಎತ್ತಿ ಕೆಳಗೆ ನುಸುಳಬೇಡಿ, ಸಮ ನೆಲದಲ್ಲಿ ಸ್ಟ್ಯಾಂಡ್ ಕೊಡಲೇಬೇಕು. ಮೊದಲ ವರ್ಷ ನಾನು ಹೊರಬರುವುದೇ ಇಲ್ಲ ಅಂತ ನಮ್ಮ ಮನೆಯವರು “ಅಲ್ಲೇ ಹಾಸಿಗಿ ಹಾಸಿ ಕೊಡ್ಲೇನ್ರಿ?” ಅಂತ ಕೇಳಿದ್ದುಂಟು.

ಬಾಗಿಲ ಕೆಳಗೆ, ಪಾಯದಾನಿನ ಕೆಳಗೆ ನೀರು ಸೋರಲು ಸಣ್ಣ ತೂತುಗಳಿರುತ್ತವೆ. ಕಸಬರಿಗೆ ಕಡ್ಡಿ ಹಾಕಿದರೆ ನನ್ನ ಗಾಡಿಯ ಒಂದು ತೂತಿನಿಂದ ಚಹಾ ಬಣ್ಣದ ನೀರು ಒಂದು ಲೋಟ ಬಂತು. ಸ್ಪ್ರೇ ಹೊಡೆದ ಮೇಲೂ ಇವು ತೆರೆದೇ ಇರಬೇಕು. ಸೈಲೆನ್ಸರ್, ಬ್ರೇಕ್ ಡಿಸ್ಕು, ಸೆನ್ಸರ್‌ಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಮೊದಲ ಸಲ ಸೈಲೆನ್ಸರ್ ಮುಚ್ಚದೆ ಹೊಡೆದು, ಮರುದಿನ ಜಾಂಬೋಟಿವರೆಗೂ ಸುಟ್ಟ ವಾಸನೆ ಕುಡಿದಿದ್ದೇನೆ. ಗಾಡಿ ಓಡಿಸುವ ಮೊದಲು ಚೀಲ ಬಿಚ್ಚುವುದನ್ನು ಮರೆಯಬೇಡಿ.

ಹಳೇ ಎಂಜಿನ್ ಆಯಿಲ್ ಹೊಡೆದರೆ ಸಾಕು ಅನ್ನುವವರು ನಮ್ಮಲ್ಲಿ ಬಹಳ. ಅದು ರಬ್ಬರ್ ಬುಶ್ ಕೆಡಿಸುತ್ತದೆ, ಅಂಗಳಕ್ಕೆಲ್ಲ ತೊಟ್ಟಿಕ್ಕುತ್ತದೆ. ನಾನು ಆ ಗೋಜಿಗೆ ಹೋಗಿಲ್ಲ.

ಈ ಸ್ಪ್ರೇಗೂ ದೋಷ ಇದೆ. ಅಂಟು ಅಂಟು, ಧೂಳು ಮೆತ್ತಿಕೊಳ್ಳುತ್ತದೆ, ಕೆಳಗೆ ಕೈ ಹಾಕಿದ ಮೆಕ್ಯಾನಿಕ್ ಬೈಯುತ್ತಾನೆ. ಮಡ್‌ಗಾರ್ಡ್ ಒಳಗೆ ಚಕ್ರದ ನೀರು ಬಡಿದು ಬಡಿದು ಒಂದೇ ಮಳೆಗಾಲಕ್ಕೆ ತೊಳೆದು ಹೋಗುತ್ತದೆ. ಅಲ್ಲಿಗೆ ಪ್ರತಿ ವರ್ಷ ಮತ್ತೆ ಹೊಡೆಯಬೇಕು. ದೀಪಾವಳಿ ಮುಗಿದ ಮೇಲೆ ಸಂದಿಯಲ್ಲಿ ಕೂತ ರಾಡಿ ತೊಳೆಸದಿದ್ದರೆ ಅದು ಇಬ್ಬನಿ ಹೀರಿ ತಿಂಗಳುಗಟ್ಟಲೆ ಹಸಿಯಾಗೇ ಇರುತ್ತದೆ. ವರ್ಷಕ್ಕೆ ನನಗೆ ಎರಡು ಡಬ್ಬಿ ಬೇಕು.

ಹೋದ ವಾರ ಕಾಕಾ ಮತ್ತೆ ಸ್ಕ್ರೂಡ್ರೈವರ್ ಹಿಡಿದು ತಳವೆಲ್ಲ ಬಡಿದು ನೋಡಿದರು. ಎಲ್ಲ ಕಡೆ ಟಣ್ ಅಂತು. ಎಡಗಡೆ ಮುಂದಿನ ಮಡ್‌ಗಾರ್ಡ್ ಅಂಚಿನಲ್ಲಿ ಮಾತ್ರ ರೂಪಾಯಿ ಅಗಲದ ಕಂದು ಕಲೆ. ಉಪ್ಪುಕಾಗದ ತಂದಿಟ್ಟಿದ್ದೇನೆ, ರವಿವಾರ ಗಾಡಿ ಕೆಳಗೆ ಸೇರಬೇಕು.