ಟರ್ಫ್, ಟ್ರ್ಯಾಕ್, ಕೆಮ್ಮಣ್ಣು: ತುಮಕೂರಿನಲ್ಲಿ ಹನ್ನೊಂದು ಜನರ ಫುಟ್‌ಬಾಲ್‌ಗೆ ಯಾವುದು?

ನನ್ನ ಓಟು ಕಾಲೇಜಿನ ಕೆಮ್ಮಣ್ಣಿನ ಮೈದಾನಕ್ಕೆ. ಗಂಟೆ ಲೆಕ್ಕಕ್ಕೆ ಬಾಡಿಗೆ ಸಿಗುವ ಕೃತಕ ಹುಲ್ಲಿನ ಟರ್ಫು ಎರಡನೆಯದು, ಸುತ್ತ ಓಟದ ಟ್ರ್ಯಾಕ್ ಇರುವ ಬಹುಕ್ರೀಡಾ ಮೈದಾನ ಮೂರನೆಯದು. ಟರ್ಫಿಗೆ ತಿಂಗಳುಗಟ್ಟಲೆ ಮುಂಗಡ ಕಟ್ಟಿದ ಮೇಲೆ ಬಂದ ಬುದ್ಧಿ ಇದು, ಅಷ್ಟು ತಿಳಿದುಕೊಂಡು ಮುಂದೆ ಓದಿ.

ಟರ್ಫು ಕೆಟ್ಟದ್ದೇನಲ್ಲ. ಸಂಜೆ ಕೆಲಸ ಮುಗಿಸಿ ಬರುವವರಿಗೆ ಲೈಟಿನಡಿ ಆಡಲು ಸುಲಭದ ದಾರಿ ಅದೇ. ಆದರೆ ನಾಲ್ಕೂ ಕಡೆ ಬಲೆ. ಚೆಂಡು ಹೊರಗೆ ಹೋಗುವುದೇ ಇಲ್ಲ. ಥ್ರೋ ಇನ್ ಇಲ್ಲ, ಆಫ್‌ಸೈಡ್ ಇಲ್ಲ, 30 ಮೀಟರ್ ಪಾಸ್ ಇಲ್ಲ. ಅಲ್ಲಿ ಆರು ತಿಂಗಳು ಆಡಿದ ಬ್ಯಾಕು, ಅಂದರೆ ರಕ್ಷಣೆಯ ಆಟಗಾರ, ದೊಡ್ಡ ಮೈದಾನಕ್ಕೆ ಬಂದರೆ ಜೊತೆಯವರೊಂದಿಗೆ ಒಂದೇ ಲೈನು ಹಿಡಿದು ಮೇಲೆ ಬರುವುದನ್ನೇ ಮರೆತಿರುತ್ತಾನೆ.

ಇನ್ನೊಂದು ವಿಷಯ: ಹೆಸರು ಫುಟ್‌ಬಾಲ್ ಟರ್ಫ್, ಹಾಸಿರುವುದು ಬಲೆಯೊಳಗೆ ಆಡುವ ಬಾಕ್ಸ್ ಕ್ರಿಕೆಟ್‌ಗೆ. ಬೆರಳಿನಿಂದ ಹುಲ್ಲಿನ ಎಳೆ ಬಿಡಿಸಿ ನೋಡಿ. ಫುಟ್‌ಬಾಲ್‌ಗೆಂದೇ ಹಾಸಿದ್ದಾದರೆ ಎಳೆ ಸಾಮಾನ್ಯವಾಗಿ 50ರಿಂದ 60 ಮಿ.ಮೀ. ಇರುತ್ತದೆ, ಬುಡದಲ್ಲಿ ಮರಳು, ಮೇಲೆ ಕಪ್ಪು ರಬ್ಬರ್ ಪುಡಿ. ಗಿಡ್ಡ ಎಳೆ, ಬರೀ ಮರಳು ಕಂಡರೆ ಜಾರಿ ಬಿದ್ದಾಗ ಮೊಣಕಾಲ ಚರ್ಮ ಅಲ್ಲೇ ಉಳಿಯುತ್ತದೆ. ಅಲ್ಲಿಗೆ ಉದ್ದ ಸ್ಟಡ್ಸಿನ (ಅಡಿಯಲ್ಲಿ ಗುಬುಟುಗಳಿರುವ) ಶೂ ಬೇಡ. ಪಾದ ಸಿಕ್ಕಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿಗೆ ಪೆಟ್ಟು. ಸಣ್ಣ ಗುಬುಟುಗಳ ಟರ್ಫ್ ಶೂ ಸಾಕು.

ಇನ್ನು ಟ್ರ್ಯಾಕ್ ಇರುವ ಮೈದಾನ. ನೋಡಲು ಇದರಷ್ಟು ಚೆಂದ ಇನ್ನೊಂದಿಲ್ಲ: ಸುತ್ತ ಇಟ್ಟಿಗೆ ಬಣ್ಣದ ಟ್ರ್ಯಾಕು, ನಡುವೆ ಹಸಿರು. ತಾಪತ್ರಯವೆಲ್ಲ ಕಾರ್ನರಿನಲ್ಲಿ.

ಲೆಕ್ಕ ಹಾಕಿ ನೋಡಿ. 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ಒಳ ತ್ರಿಜ್ಯ 36.5 ಮೀಟರ್. ಅಂದರೆ ಒಳಗಿನ ಅಗಲ 73 ಮೀಟರ್. ಅದರೊಳಗೆ 105×68ರ ಫುಟ್‌ಬಾಲ್ ಅಂಕಣ ಹಿಡಿಸುತ್ತದೆ, ಹಿಡಿಸುತ್ತದೆ ಅಷ್ಟೇ. ಅಕ್ಕಪಕ್ಕ ಎರಡೂವರೆ ಮೀಟರ್ ಉಳಿದರೆ, ಅಂಕಣದ ನಾಲ್ಕೂ ಮೂಲೆ ತಿರುವಿನೊಳಗೆ ನುಗ್ಗಿ ಟ್ರ್ಯಾಕಿನ ಅಂಚಿಗೆ ಒಂದೇ ಮೀಟರ್ ಹತ್ತಿರ ಬರುತ್ತವೆ. ಕಾರ್ನರ್ ಹೊಡೆಯುವವನಿಗೆ ನಾಲ್ಕು ಹೆಜ್ಜೆ ಓಟ ಬೇಕು. ಮೊದಲ ಮೂರು ಹೆಜ್ಜೆ ಟ್ರ್ಯಾಕಿನ ಮೇಲೆ ಬೀಳುತ್ತವೆ, ಅದೂ ಸ್ಟಡ್ಸ್ ಹಾಕಿಕೊಂಡು. ನಡುವೆ 5 ಸೆಂ.ಮೀ. ಎತ್ತರದ ಅಲ್ಯೂಮಿನಿಯಂ ಅಂಚುಪಟ್ಟಿ ಬೇರೆ. ಕಣ್ಣು ಚೆಂಡಿನ ಮೇಲಿರುವಾಗ ಹಿಮ್ಮಡಿ ಆ ಪಟ್ಟಿಗೆ ತಗುಲಿದರೆ ಕಾಲು ಉಳುಕುವುದು ಖಚಿತ.

ಕಾವಲುಗಾರ ಕೂಗುವುದೂ ಇದಕ್ಕೇ, ಅವರದೇನೂ ತಪ್ಪಿಲ್ಲ. ಸ್ಟಡ್ಸಿನ ತುದಿ ಸಿಂಥೆಟಿಕ್ ಟ್ರ್ಯಾಕಿನ ರಬ್ಬರನ್ನು ಚಕ್ಕೆ ಚಕ್ಕೆಯಾಗಿ ಕೀಳುತ್ತದೆ. ಒಮ್ಮೆ ಕಿತ್ತ ಜಾಗಕ್ಕೆ ನೀರಿಳಿದರೆ ಅಲ್ಲಿಂದಲೇ ರಬ್ಬರ್ ಏಳಲು ಶುರು.

ಪರಿಹಾರ ಇಲ್ಲದೇ ಇಲ್ಲ. ಅಂಕಣವನ್ನು 100×64ಕ್ಕೆ ಇಳಿಸಿ. ಅಂತರರಾಷ್ಟ್ರೀಯ ಪಂದ್ಯಕ್ಕೂ ನಿಯಮ ಒಪ್ಪುವ ಅತಿ ಸಣ್ಣ ಅಳತೆ ಅದು. ಆಗ ಮೂಲೆಯಿಂದ ಪಟ್ಟಿಗೆ ಮೂರೂವರೆ ಮೀಟರ್ ಸಿಗುತ್ತದೆ. ಒಳಗೆ ಹೋಗುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ, ಶೂ ಅದನ್ನು ದಾಟಿದ ಮೇಲೆ ಹಾಕಿಕೊಳ್ಳಿ. ಆದರೆ ಪ್ರತಿ ಬೆಳಿಗ್ಗೆ ಇದನ್ನೆಲ್ಲ ಯಾರು ಮಾಡುತ್ತಾರೆ? ಅಷ್ಟರಲ್ಲಿ ಗೋಲಿನ ಹಿಂದೆ ಗುಂಡು ಎಸೆಯುವವರು ಬಂದಿರುತ್ತಾರೆ.

ನೋಡುವವರಿಗೂ ಹಾಗೇ. ಎಂಟು ಲೇನು, ಒಂದೊಂದು 1.22 ಮೀಟರ್, ಬದಿಯ ಗೆರೆಯಿಂದ ಮೊದಲ ಮೆಟ್ಟಿಲಿಗೆ 12 ಮೀಟರ್‌ಗೆ ಕಡಿಮೆ ಇಲ್ಲ. ಬೆಂಗಳೂರಿನಲ್ಲಿ ಟ್ರ್ಯಾಕ್ ಇರುವ ಕಂಠೀರವದಲ್ಲೂ ಟ್ರ್ಯಾಕ್ ಇಲ್ಲದ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲೂ ಕೂತು ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಕೆಮ್ಮಣ್ಣಿಗೆ ಬರೋಣ. ಖರ್ಚು ಚಾಕ್ ಪೌಡರಿನದು ಮಾತ್ರ. ಪೆನಾಲ್ಟಿ ಬಾಕ್ಸು, ವೃತ್ತ ಎಲ್ಲ ಸೇರಿ ಸುಮಾರು 700 ಮೀಟರ್ ಗೆರೆ. ಸುಣ್ಣ ಬಳಸಬೇಡಿ, ಬಿದ್ದವನ ಕಣ್ಣಿಗೆ ಹೋದರೆ ಸುಡುತ್ತದೆ. ಮೂಲೆ ನೇರ ಬರಲು ಹಗ್ಗಕ್ಕೆ 6, 8, 10 ಮೀಟರಿನ ತ್ರಿಕೋನ ಕಟ್ಟಿ. ಕೊನೆಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯಿರಿ: 100×64ಕ್ಕೆ ಎರಡೂ ಕಡೆ 118.7 ಬರಬೇಕು. ಬರದಿದ್ದರೆ ಒಂದು ಗೋಲು ಸೊಟ್ಟಗೆ ನಿಂತಿದೆ ಎಂದೇ ಅರ್ಥ.

ಇಲ್ಲಿನ ಕಷ್ಟ ಪುಟಿತ. ಕೃತಕ ಟರ್ಫಿಗೆ ಫಿಫಾ ಇಟ್ಟಿರುವ ಪರೀಕ್ಷೆಯಲ್ಲಿ 2 ಮೀಟರ್ ಎತ್ತರದಿಂದ ಬಿಟ್ಟ ಚೆಂಡು 60 ಸೆಂ.ಮೀ.ಗಿಂತ ಕಡಿಮೆಯಾಗಲಿ, ಒಂದು ಮೀಟರ್‌ಗಿಂತ ಹೆಚ್ಚಾಗಲಿ ಪುಟಿಯಬಾರದು. ನಮ್ಮ ಏಪ್ರಿಲ್ ನೆಲದ ಮೇಲೆ ಅದು ಸುಲಭವಾಗಿ ಮೀಟರ್ ದಾಟುತ್ತದೆ. ಹಿಂದಿನ ಸಂಜೆ ನೀರು ಚಿಮುಕಿಸಿದರೆ ಒಳ್ಳೆಯದು. ಬೆಳಿಗ್ಗೆ ಚಿಮುಕಿಸಿದರೆ ಮೇಲ್ಪದರ ಮಾತ್ರ ಕೆಸರಾಗಿ ಜಾರುತ್ತದೆ. ನೀರಿಲ್ಲದಿದ್ದರೆ ಚೆಂಡಿನ ಗಾಳಿ ಇಳಿಸಿ. ನಿಯಮ 8.5ರಿಂದ 15.6 ಪಿಎಸ್ಐವರೆಗೆ (ಗಾಳಿಯ ಒತ್ತಡದ ಅಳತೆ) ಒಪ್ಪುತ್ತದೆ, ಕೆಮ್ಮಣ್ಣಿಗೆ 9 ಸಾಕು.

ಕ್ರಿಕೆಟ್ ಪಿಚ್ಚು ಸಿಮೆಂಟಿನದಾಗಿದ್ದರೆ ಅದು ಸೆಂಟರ್ ಸರ್ಕಲ್ಲಿಗೆ ಬೀಳುವ ಹಾಗೆ ಗೆರೆ ಹಾಕಿ. 20.12 ಮೀಟರಿನ ಪಿಚ್ಚು 18.3 ಮೀಟರಿನ ವೃತ್ತದಿಂದ ಎರಡು ತುದಿಗೂ ಒಂದೊಂದು ಮೀಟರ್ ಮಾತ್ರ ಆಚೆ ಚಾಚುತ್ತದೆ. ಜನ ಹೆಚ್ಚು ಬೀಳುವುದು ಪೆನಾಲ್ಟಿ ಬಾಕ್ಸಿನಲ್ಲಿ, ಅಲ್ಲಿ ಸಿಮೆಂಟು ಇರಲೇಬಾರದು. ಯಾವುದಾದರೂ ಸಮಾರಂಭ ಮುಗಿದ ಮಾರನೆಯ ದಿನ ಆಟಕ್ಕೆ ಮೊದಲು ಇಡೀ ತಂಡ ಸಾಲಾಗಿ ನಿಂತು ನೆಲ ನೋಡುತ್ತಾ ಒಮ್ಮೆ ದಾಟಿ. ಪೆಂಡಾಲಿನ ಗೂಟದ ಗುಂಡಿ, ಮೊಳೆ, ಬೈಂಡಿಂಗ್ ವೈರು ಸಿಗದೇ ಇರುವುದಿಲ್ಲ. ಗುಂಡಿಗೆ ಮಣ್ಣು ತುಂಬಿ ನೀರು ಹಾಕಿ ತುಳಿಯಿರಿ. ಬರೀ ಒಣಮಣ್ಣು ತುಂಬಿದರೆ ಹತ್ತು ನಿಮಿಷಕ್ಕೆ ಮತ್ತೆ ಗುಂಡಿ.

ಮಳೆ ಬಂದ ದಿನ ಬಿಡಿ, ಆಡುವ ಹಾಗಿಲ್ಲ.

ಬೆಳಿಗ್ಗೆ ಆರಕ್ಕೆ ಏಳುವ, ಹದಿನೆಂಟು ಇಪ್ಪತ್ತು ಜನ ಸೇರುವ, ಟೂರ್ನಿಗೆ ತಯಾರಾಗುವ ತಂಡಕ್ಕೆ ಕೆಮ್ಮಣ್ಣೇ ಸರಿ. ಅಮಾನಿಕೆರೆಯಲ್ಲಿ ವಾಕಿಂಗಿನವರು ಮನೆ ದಾರಿ ಹಿಡಿಯುವ ಹೊತ್ತಿಗೆ ಒಂದು ಪೂರ್ತಿ ಪಂದ್ಯ ಮುಗಿದಿರುತ್ತದೆ. ಟರ್ಫಿಗೆ ಗಂಟೆಗೆ ಸಾವಿರ ಎಂದು ಹಿಡಿದರೂ ಹತ್ತು ಜನಕ್ಕೆ ತಲಾ ನೂರು, ತಿಂಗಳಿಗೆ ಹನ್ನೆರಡು ದಿನಕ್ಕೆ ಸಾವಿರದ ಇನ್ನೂರು. ಆ ದುಡ್ಡಿಗೆ ಪ್ರತಿ ತಿಂಗಳೂ ಒಂದು ಚೆಂಡು ಬರುತ್ತದೆ. ಐದೈದು ಜನ ಸಾಕು, ಸಂಜೆ ಬಿಟ್ಟರೆ ಬಿಡುವಿಲ್ಲ ಎನ್ನುವವರು ಟರ್ಫಿಗೇ ಹೋಗಿ. ಮುಂಗಡ ಮಾತ್ರ ಒಂದು ವಾರಕ್ಕಿಂತ ಹೆಚ್ಚು ಕಟ್ಟಬೇಡಿ, ಮಳೆಗೆ ಆಟ ನಿಂತರೆ ದುಡ್ಡು ವಾಪಸ್ಸೋ ಇನ್ನೊಂದು ದಿನ ಕೊಡುತ್ತಾರೋ ಎನ್ನುವುದನ್ನು ಮೊದಲೇ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ.