‘ಮಿನಿಮಮ್ ಡ್ಯೂ’ ಕಟ್ಟಿ ನಿಶ್ಚಿಂತರಾಗಬೇಡಿ

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ತೋರಿಸುವ ಸಣ್ಣ ಮೊತ್ತವನ್ನಷ್ಟೇ ಕಟ್ಟುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಚಕ್ರಬಡ್ಡಿಯ ಲೆಕ್ಕ ಹೇಳಿಕೊಡುವ ಶಿಕ್ಷಕಿ ನಾನು. ಬರೆಯಲು ಸಂಕೋಚವಾಗುತ್ತಿದೆ, ಆದರೆ ಸಂಕೋಚಕ್ಕಿಂತ ಕೋಪವೇ ಹೆಚ್ಚಾಗಿದೆ.

ಮಗಳ ಓದಿಗೆಂದು 60,000 ರೂಪಾಯಿಯ ಲ್ಯಾಪ್‌ಟಾಪನ್ನು ಕಾರ್ಡಿನಲ್ಲಿ ಕೊಂಡಿದ್ದೆ. ಅಷ್ಟೂ ಹಣವನ್ನು ಒಂದೇ ಸಲಕ್ಕೆ ಹೊಂದಿಸುವುದು ಕಷ್ಟವೆನಿಸಿ ಬ್ಯಾಂಕಿನ ಗ್ರಾಹಕ ಸೇವೆಗೆ ಕರೆ ಮಾಡಿದೆ. “ಈ ತಿಂಗಳು ಮೂರು ಸಾವಿರ ಕಟ್ಟಿದರೆ ಸಾಕು ಮೇಡಂ, ಮುಂದೆಯೂ ಹಾಗೇ ಕಡಿತವಾಗುವಂತೆ ಆಟೋ ಡೆಬಿಟ್ ಮಾಡಿಸಿಕೊಳ್ಳಿ” ಎಂದರು. ಬಡ್ಡಿ ಬೀಳುತ್ತದೆಯೇ ಎಂದು ಸ್ಪಷ್ಟವಾಗಿಯೇ ಕೇಳಿದೆ. “ಯಾವ ದಂಡವೂ ಬೀಳುವುದಿಲ್ಲ ಮೇಡಂ, ಸಿಬಿಲ್ ಸ್ಕೋರಿಗೂ (ಸಾಲ ತೀರಿಸುವ ಶಿಸ್ತಿಗೆ ಕೊಡುವ ಅಂಕ) ತೊಂದರೆಯಿಲ್ಲ” ಎಂಬ ಉತ್ತರ ಬಂತು. ನಾನು ಕೇಳಿದ್ದು ಬಡ್ಡಿಯ ಬಗ್ಗೆ, ಅವರು ಹೇಳಿದ್ದು ದಂಡದ ಬಗ್ಗೆ!

ತಿಂಗಳು ತಿಂಗಳೂ ಹಣ ಹೋಗುತ್ತಿತ್ತು, ಧನ್ಯವಾದದ ಸಂದೇಶ ಬರುತ್ತಿತ್ತು, ಬಾಕಿ ಮಾತ್ರ ಇಳಿಯುತ್ತಿರಲಿಲ್ಲ. ಕೊನೆಗೆ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ನೋಡಿದಾಗ ಕೈಕಾಲು ತಣ್ಣಗಾದವು. ತಿಂಗಳಿಗೆ ಶೇ 3.5ರಂತೆ 60,000ಕ್ಕೆ 2,100 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ 18ರಂತೆ 378 ರೂಪಾಯಿ ಜಿಎಸ್‌ಟಿ. ನಾನು ಕಟ್ಟಿದ 3,000ದಲ್ಲಿ ಅಸಲಿಗೆ ಸಂದದ್ದು 522 ರೂಪಾಯಿ ಮಾತ್ರ. ವರ್ಷಕ್ಕೆ ಶೇ 42ರ ಬಡ್ಡಿಯಿದು. ಇಷ್ಟೇ ಬಡ್ಡಿಯನ್ನು ಊರಿನವರು ಯಾರಾದರೂ ವಸೂಲಿ ಮಾಡಿದರೆ ಮೀಟರ್ ಬಡ್ಡಿ ಎಂದು ಬೈಯುತ್ತೇವೆ. ಸಾಲದೆಂಬಂತೆ, ಅದೇ ಕಾರ್ಡಿನಲ್ಲಿ ತಂದ ದಿನಸಿಗೂ ತಂದ ದಿನದಿಂದಲೇ ಬಡ್ಡಿ ಹಾಕಿದ್ದರು.

ಮತ್ತೆ ಕರೆ ಮಾಡಿದೆ. “ಹಳೆಯ ಬಾಕಿ ಉಳಿದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ ಮೇಡಂ, ನಿಯಮದಲ್ಲಿದೆ.” ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದರೆ, “ಬಿಲ್ಲಿನಲ್ಲೇ ಮುದ್ರಿಸಿದ್ದೇವೆ ಮೇಡಂ.” ನಿಜ, ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ತೀರಲು ವರ್ಷಗಳೇ ಹಿಡಿಯಬಹುದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಹೇಳುತ್ತದೆ. ಕಾಗದದಲ್ಲಿ ಬರೆದ ಮಾತನ್ನು ಫೋನಿನಲ್ಲಿ ಹೇಳಲು ಇವರಿಗೆ ಬಾಯಿ ಬರುವುದಿಲ್ಲವೇ?

ಚೀಟಿ ಎತ್ತಿ ಬಿಲ್ಲಿನ ಮೊತ್ತವನ್ನೆಲ್ಲ ತೀರಿಸಿದೆ. ಮುಂದಿನ ತಿಂಗಳು ಮತ್ತೆ ಬಡ್ಡಿ! ಬಿಲ್ ತಯಾರಾದ ದಿನದಿಂದ ನಾನು ಹಣ ಕಟ್ಟಿದ ದಿನದವರೆಗಿನದಂತೆ. ಅದನ್ನೂ ಕಟ್ಟಿ ಕಾರ್ಡನ್ನು ಮುಚ್ಚಿಸಿದೆ.

ಆಟೋ ಡೆಬಿಟ್ ಹಾಕಿಸುವವರು ‘ಟೋಟಲ್ ಡ್ಯೂ’ (ಬಿಲ್ಲಿನ ಪೂರ್ತಿ ಮೊತ್ತ) ಎಂದೇ ಗುರುತು ಮಾಡಿಸಿ. ಅಷ್ಟು ಹಣ ಖಾತೆಯಲ್ಲಿ ಇಲ್ಲದಿದ್ದರೆ ಕಾರ್ಡನ್ನು ಉಜ್ಜಲೇಬೇಡಿ. ಅವರ “ಸಾಕು ಮೇಡಂ” ಎಂಬ ಮಾತನ್ನಂತೂ ನಂಬಬೇಡಿ, ಕೇಳಿದ್ದಕ್ಕೆ ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ನಾನೂ ಸಲ್ಲಿಸಿದ್ದೇನೆ, ಮೊದಲ ಕರೆಯ ಧ್ವನಿಮುದ್ರಣವನ್ನು ತರಿಸಿ ಕೇಳಿ ಎಂದು ಕೋರಿದ್ದೇನೆ. ಸೇವೆಯ ಗುಣಮಟ್ಟಕ್ಕಾಗಿ ಕರೆಯನ್ನು ಮುದ್ರಿಸಿಕೊಳ್ಳುತ್ತಿದ್ದೇವೆ ಎಂದು ಅಂದು ಅವರೇ ಹೇಳಿದ್ದರು. ಈಗ ಕೇಳಿದರೆ ಅದು ಲಭ್ಯವಿಲ್ಲವಂತೆ.